ಕೊಡೆಯ ತೂಕ

ಕೊಪ್ಪದ ನಮ್ಮ ಅಂಗಡಿಗೆ ಗಿರಾಕಿಗಳೇ ಬಿಲ್ ಮಾಡಿಕೊಳ್ಳುವ ಮಿಷನ್ ಬಂದ ದಿನ ಊರಿನ ಅರ್ಧ ಜನ ಸಾಮಾನು ಕೊಳ್ಳಲು ಬಂದಿದ್ದರು, ಉಳಿದರ್ಧ ಜನ ಸುಮ್ಮನೆ ನೋಡಲು ಬಂದಿದ್ದರು. ಎರಡು ಮಿಷನ್, ಬಾಗಿಲಿನ ಎಡಗಡೆ, ಅಕ್ಕಪಕ್ಕ. ಹಿರಿಯರೊಬ್ಬರು ಅದರ ಮುಂದೆ ಚಪ್ಪಲಿ ಬಿಟ್ಟು ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಅದು ಮಾತಾಡುತ್ತಿತ್ತು ಬೇರೆ. "ದಯವಿಟ್ಟು ವಸ್ತುವನ್ನು ತಟ್ಟೆಯ ಮೇಲೆ ಇಡಿ" ಎಂದು ಅದು ಹೇಳಿದರೆ "ಆಯ್ತು ಮಾರಾಯ್ತಿ, ಇಡ್ತೀನಿ" ಎಂದು ಜನ ಅದಕ್ಕೆ ಉತ್ತರ ಕೊಡುತ್ತಿದ್ದರು.

ನಾನು ಆ ಅಂಗಡಿಯ ಮ್ಯಾನೇಜರ್. ನಮ್ಮ ಮಾಲೀಕರಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಅಂಗಡಿಗಳಿವೆ. ಮಿಷನ್ ಮೊದಲು ಕೊಪ್ಪದಲ್ಲಿ ಹೊಂದಿಕೊಂಡರೆ ಉಳಿದೆರಡು ಊರಿಗೂ ಎಂಬುದು ಅವರ ಲೆಕ್ಕಾಚಾರ. ಕಳ್ಳತನದ ಯೋಚನೆ ಅವರಿಗೂ ಇತ್ತು, ನನಗೂ ಇತ್ತು. ಗಿರಾಕಿಯ ಕೈಗೇ ಬಿಲ್ ಮಾಡುವ ಕೆಲಸ ಕೊಟ್ಟ ಮೇಲೆ ಯಾರು ಏನು ಚೀಲಕ್ಕೆ ಹಾಕಿಕೊಂಡರು ಎಂದು ನೋಡುವವರು ಯಾರು? ಅದಕ್ಕೆ ಮಿಷನ್ ಕಂಪನಿಯವರ ಉತ್ತರ ಆ ತಟ್ಟೆಯಲ್ಲಿತ್ತು. ಸಾಮಾನನ್ನು ಗಾಜಿಗೆ ಹಿಡಿದರೆ ಬೀಪ್ ಎನ್ನುತ್ತದೆ. ಆಮೇಲೆ ಅದನ್ನು ಬಲಗಡೆಯ ತಟ್ಟೆಯ ಮೇಲೆ ಇಡಬೇಕು. ತಟ್ಟೆಯ ಅಡಿಯಲ್ಲಿ ತಕ್ಕಡಿ ಇದೆ. ಬೀಪ್ ಆದ ಸಾಮಾನಿನ ತೂಕವೂ ತಟ್ಟೆಗೆ ಬಂದ ತೂಕವೂ ಹೊಂದದಿದ್ದರೆ ತಲೆಯ ಮೇಲಿನ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಆಗ ನಮ್ಮವರು ಒಬ್ಬರು ಹೋಗಿ, ನೋಡಿ, ತಮ್ಮ ಕಾರ್ಡ್ ಉಜ್ಜಿದರೆ ಮಾತ್ರ ಮಿಷನ್ ಮುಂದೆ ಹೋಗುತ್ತದೆ.

ಹಾಗೆ ಕಾರ್ಡ್ ಹಿಡಿದು ನಿಲ್ಲಲು ನಾನು ಆರಿಸಿದ್ದು ನಮ್ಮ ಹಳೆಯ ಕ್ಯಾಷಿಯರನ್ನು. ಅಂಗಡಿಯಲ್ಲಿ ಎಲ್ಲರೂ ಅವರನ್ನು ಅಕ್ಕ ಎನ್ನುತ್ತೇವೆ. ಹರಿಹರಪುರದಿಂದ ಬೆಳಗಿನ ಬಸ್ಸಿಗೆ ಬರುತ್ತಾರೆ. ಅವರ ಊರಿನ ಹೆಂಗಸರ ಸ್ವಸಹಾಯ ಸಂಘದ ಹಣ ಇಟ್ಟುಕೊಳ್ಳುವವರು ಅವರೇ. ಅದಕ್ಕೆ ಊರಿನವರು ಬೇರೆ ಹೆಸರನ್ನು ಯೋಚಿಸಿದ್ದೇ ಇಲ್ಲವಂತೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅಕ್ಕನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿಲ್ಲ. ಬಂದರೂ ಹರಿಹರಪುರದ ಬಸ್ ಸ್ಟಾಪಿನಲ್ಲಿ ಇಟ್ಟು ಬರುತ್ತಾರೋ ಏನೋ.

ಮೊದಲ ವಾರದಲ್ಲೇ ನನಗೂ ಅವರಿಗೂ ಒಂದು ಸಣ್ಣ ಜಟಾಪಟಿ ಆಯಿತು. ಕೆಂಪು ದೀಪ ಹತ್ತಿದಾಗಲೆಲ್ಲ ಅಕ್ಕ ಗಿರಾಕಿಯ ಹತ್ತಿರ ಹೋಗಿ ಹೇಳುತ್ತಿದ್ದ ಮಾತು ಒಂದೇ. "ಮಿಷನ್‌ದೇ ತಪ್ಪು, ನಾನು ಸರಿ ಮಾಡ್ತೀನಿ." ಗಿರಾಕಿ ಸೋಪನ್ನು ಬೀಪ್ ಮಾಡದೆ ಇಟ್ಟಿದ್ದರೂ ಮಿಷನ್‌ದೇ ತಪ್ಪು, ಮಗುವನ್ನು ತಟ್ಟೆಯ ಮೇಲೆ ಕೂರಿಸಿದ್ದರೂ ಮಿಷನ್‌ದೇ ತಪ್ಪು.

"ಅಕ್ಕ, ಮಿಷನ್ ಸರಿಯಾಗೇ ಇದೆಯಲ್ಲ. ಸುಮ್ನೆ ಯಾಕೆ ಅದರ ಮರ್ಯಾದೆ ಕಳೀತೀರಿ?" ಎಂದೆ.

"ಅದಕ್ಕೆ ಮರ್ಯಾದೆ ಹೋದ್ರೆ ಎಂತ ಆಗುತ್ತೆ ಮೇಡಂ? ರಾತ್ರಿ ಊಟ ಬಿಡಲ್ಲ ಅದು," ಎಂದರು.

ಮಾಲೀಕರ ಕಿವಿಗೂ ಇದು ಬಿತ್ತು. ಆಸೆಪಟ್ಟು ತಂದ ಮಿಷನ್ ಬಗ್ಗೆ ಹೀಗೆ ಹೇಳುವುದು ಅವರಿಗೆ ಹಿಡಿಸಲಿಲ್ಲ. ಆದರೆ ಗಿರಾಕಿಗಳು ನಗುತ್ತಲೇ ಹೋಗುತ್ತಿದ್ದುದರಿಂದ ಸುಮ್ಮನಾದರು.

ಆಮೇಲೆ ಮಳೆ ಹಿಡಿಯಿತು. ಮಳೆ ಹಿಡಿದರೆ ನಮ್ಮ ಕಡೆ ಕೊಡೆ ಇಲ್ಲದೆ ಯಾರೂ ಹೊರಗೆ ಕಾಲಿಡುವುದಿಲ್ಲ. ಅಂಗಡಿಗೆ ಬಂದವರು ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಒದ್ದೆ ಕೊಡೆ ಹಿಡಿದು ಮಿಷನ್ ಮುಂದೆ ನಿಲ್ಲುತ್ತಿದ್ದರು. ಸಾಮಾನನ್ನು ಗಾಜಿಗೆ ಹಿಡಿಯಬೇಕಾದರೆ ಒಂದು ಕೈ ಖಾಲಿ ಆಗಬೇಕು. ಕೊಡೆ ಎಲ್ಲಿಡುವುದು? ಎದುರಿಗೇ ನುಣುಪಾದ ಸ್ಟೀಲ್ ತಟ್ಟೆ ಇದೆ. ಅದರ ಮೇಲೆ ಇಟ್ಟರು. ಕೊಡೆಗೆ ಬೀಪ್ ಆಗಿಲ್ಲವಲ್ಲ, ಕೆಂಪು ದೀಪ ಹತ್ತಿತು. ಅಕ್ಕ ಓಡಿದರು, ಕೊಡೆ ಎಂದು ಕಣ್ಣಲ್ಲಿ ನೋಡಿದರು, ಕಾರ್ಡ್ ಉಜ್ಜಿದರು. ಪಕ್ಕದ ಮಿಷನ್ನಿನಲ್ಲಿ ಇನ್ನೊಂದು ಕೊಡೆ, ಇನ್ನೊಂದು ಕೆಂಪು ದೀಪ. ಬೆಳಗಿನಿಂದ ಸಂಜೆಯವರೆಗೆ ಅಕ್ಕ ಆ ಎರಡು ಮಿಷನ್ನುಗಳ ನಡುವೆ ನೇಯುವವರ ಲಾಳಿಯ ಹಾಗೆ ಓಡಾಡಿದರು.

ನಾನು ಮಿಷನ್ ಕಂಪನಿಯ ಶಿವಮೊಗ್ಗದ ಟೆಕ್ನಿಷಿಯನ್‌ಗೆ ಫೋನ್ ಮಾಡಿ ದೀಪದ ಕಾಟ ಕಡಿಮೆ ಮಾಡಲು ಹೇಳಿದೆ. ತೂಕದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಮಿಷನ್ ಸುಮ್ಮನಿರುವ ಹಾಗೆ ಆತ ಅಲ್ಲಿಂದಲೇ ಬದಲಾಯಿಸಿಕೊಟ್ಟ. ದೀಪ ಕೊಂಚ ಕಡಿಮೆ ಹತ್ತಿತು. ಕೊಡೆಗೆ ಮಾತ್ರ ಹತ್ತುತ್ತಲೇ ಇತ್ತು.

ಮಳೆಗಾಲದ ನಡುವೆ ಸ್ಟಾಕ್ ಎಣಿಸಿದಾಗ ಲೆಕ್ಕ ತಾಳೆಯಾಗಲಿಲ್ಲ. ತುಪ್ಪದ ಪ್ಯಾಕೆಟ್, ಗೋಡಂಬಿ, ಚಹಾ ಪುಡಿ, ಶಾಂಪೂ. ಸಣ್ಣಗಿದ್ದು ಬೆಲೆ ಬಾಳುವ ಸಾಮಾನುಗಳೇ ಕಡಿಮೆ ಬಿದ್ದಿದ್ದವು. ಶೃಂಗೇರಿಯಲ್ಲಿ, ನರಸಿಂಹರಾಜಪುರದಲ್ಲಿ ಹಾಗಿರಲಿಲ್ಲ. ಅಲ್ಲಿ ಮಿಷನ್ ಇರಲಿಲ್ಲ. ಕಂಪ್ಯೂಟರ್ ಇನ್ನೊಂದು ಸಂಗತಿಯನ್ನೂ ತೋರಿಸಿತು. ಇಷ್ಟು ಸಲ ಕಾರ್ಡ್ ಉಜ್ಜಿ ಮಿಷನ್ನಿನ ಬಾಯಿ ಮುಚ್ಚಿಸಿದ ಅಂಗಡಿ ಜಿಲ್ಲೆಯಲ್ಲೇ ಇನ್ನೊಂದು ಇರಲಿಕ್ಕಿಲ್ಲ ಎಂದು ಟೆಕ್ನಿಷಿಯನ್ ಹೇಳಿದ. ಕಾರ್ಡ್ ಅಕ್ಕನದು.

ಮಾಲೀಕರು ಬಂದು ಮಹಡಿಯ ಕೋಣೆಗೆ ನಮ್ಮಿಬ್ಬರನ್ನೂ ಕರೆದರು. ಅವರು ಕೂಗಾಡುವ ಮನುಷ್ಯರಲ್ಲ. ಮೆತ್ತಗೆ ಮಾತಾಡುತ್ತಾರೆ. ಅದೇ ಹೆಚ್ಚು ಕಷ್ಟ.

"ನೋಡಮ್ಮ, ಕಾರ್ಡ್ ನಿಮ್ಮದೇ ಅಲ್ವಾ?"

"ನನ್ನದೇ ಸರ್."

"ಬೇರೆ ಯಾರ ಕೈಗಾದ್ರೂ ಕೊಟ್ಟಿದ್ರಾ?"

"ಇಲ್ಲ ಸರ್. ಕುತ್ತಿಗೆಯಿಂದ ತೆಗ್ದಿಲ್ಲ."

"ಗುರುತಿನವರು ಬಂದಾಗ ನೀವು ನೋಡ್ದೆ ಬಿಟ್ಟುಬಿಡ್ತೀರಿ ಅಂತ ಯಾರಾದ್ರೂ ಹೇಳಿದ್ರೆ ನಾನು ಎಂತ ಉತ್ತರ ಕೊಡ್ಲಿ?"

ಅಕ್ಕನ ಮುಖ ಬಿಳಿಚಿಕೊಂಡಿತು. "ಕೊಡೆ ಅಂತ ನೋಡೇ ಉಜ್ಜಿದ್ದು ಸರ್. ನೋಡ್ದೆ ಒಂದು ಸಲಾನೂ ಉಜ್ಜಿಲ್ಲ."

ಮಾಲೀಕರು, ಮುಂದಿನ ಸಲ ಎಣಿಸುವಾಗಲೂ ಹೀಗೇ ಬಂದರೆ ಇಟ್ಟುಕೊಳ್ಳಲು ಆಗುವುದಿಲ್ಲ ಎಂದರು. "ಯಾಕೆ ಬಿಡಿಸಿದ್ರಿ ಅಂತ ಊರವರು ಕೇಳ್ತಾರೆ. ನಾನು ಸುಳ್ಳು ಹೇಳಲ್ಲಮ್ಮ."

ಅದರ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು. ಕೆಲಸ ಹೋದರೆ ಇನ್ನೊಂದು ಸಿಗಬಹುದು. ಆದರೆ ಅಂಗಡಿಯಲ್ಲಿ ಕದ್ದಳು ಎಂಬ ಮಾತು ಹರಿಹರಪುರದ ಬಸ್ಸು ಹತ್ತಿದರೆ ಅಕ್ಕ ಸಂಘದ ಪೆಟ್ಟಿಗೆಯ ಕೀಲಿಯನ್ನು ಸೊಂಟದಿಂದ ಬಿಚ್ಚಿ ಕೊಡಬೇಕಾಗುತ್ತದೆ. ಬೇರೆಯವರು ಕೇಳುವ ಮುಂಚೆ ಅವರೇ ಕೊಡುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಮೆಟ್ಟಿಲಿಳಿದು ಬಂದ ಅಕ್ಕ ನೇರವಾಗಿ ಮಿಷನ್ ಹತ್ತಿರ ಹೋದರು. ಒಬ್ಬರು ಕೊಡೆ ಇಟ್ಟುಕೊಂಡು ಕಾಯುತ್ತಿದ್ದರು. "ಮಿಷನ್‌ದೇ ತಪ್ಪು" ಎನ್ನುವಾಗ ಅವರ ದನಿ ಎಂದಿನಂತೆಯೇ ಇತ್ತು. ನನಗಾದರೆ ಆ ದಿನ ಮಿಷನ್ನಿಗೆ ಒದ್ದುಬಿಡುವಷ್ಟು ಸಿಟ್ಟು ಬಂದಿತ್ತು.

ಮೊದಲು ಕೊಡೆಯ ಕಾಟ ತಪ್ಪಿಸೋಣ, ಆಮೇಲೆ ಉಳಿದದ್ದು ಕಾಣುತ್ತದೆ ಎಂದು ಬಾಗಿಲ ಹೊರಗೆ ಎರಡು ದೊಡ್ಡ ಬಕೆಟ್ ಇಡಿಸಿದೆ. ಕೊಡೆ ಇಲ್ಲಿ ಬಿಡಿ ಎಂದು ಬೋರ್ಡ್ ಬರೆಸಿದೆ. ಊರಿನ ಜನರ ಬಗ್ಗೆ ನನಗೆ ಇನ್ನೂ ತಿಳಿಯಬೇಕಿತ್ತು ಎಂದು ಎರಡೇ ದಿನಗಳಲ್ಲಿ ಗೊತ್ತಾಯಿತು. ನಮ್ಮ ಕಡೆ ದಾರಿಯಲ್ಲಿ ಬಿದ್ದ ಪರ್ಸ್ ಹುಡುಕಿಕೊಂಡು ಬಂದು ಕೊಡುತ್ತಾರೆ. ಕೊಡೆಯ ವಿಷಯಕ್ಕೆ ಮಾತ್ರ ಯಾರೂ ಯಾರನ್ನೂ ನಂಬುವುದಿಲ್ಲ. ಎಲ್ಲವೂ ಕಪ್ಪು, ಎಲ್ಲದಕ್ಕೂ ಒಂದೇ ಥರದ ಹಿಡಿ, ಮಳೆ ಜೋರಾದಾಗ ಕೈಗೆ ಸಿಕ್ಕಿದ್ದು ತನ್ನದು. ಬಕೆಟ್ಟಿನ ಮುಂದೆ ಇಬ್ಬರು ದೊಡ್ಡವರು ಒಂದೇ ಕೊಡೆಯ ಎರಡು ತುದಿ ಹಿಡಿದು ನಿಂತರು.

"ಇದು ನನ್ನದು ಮಾರಾಯ್ರೆ, ಕಡ್ಡಿ ಬಗ್ಗಿದೆ ನೋಡಿ."

"ಕಡ್ಡಿ ಬಗ್ಗದೆ ಇರೋ ಕೊಡೆ ಈ ಊರಲ್ಲಿ ಎಲ್ಲುಂಟು? ಬಿಡಿ ನೀವು."

ಆ ಜಗಳ ಬಿಡಿಸುವಷ್ಟರಲ್ಲಿ ನಾನು ಒದ್ದೆಯಾದೆ. ಮರುದಿನದಿಂದ ಬಕೆಟ್ ಖಾಲಿ, ಎಲ್ಲರ ಕೊಡೆಯೂ ಪುನಃ ಒಳಗೆ. ಬಕೆಟ್ ನೆಲ ಒರೆಸಲು ಬಂತು.

ಗುಟ್ಟು ಬಿಟ್ಟುಕೊಟ್ಟದ್ದು ಬಸರೀಕಟ್ಟೆಯ ಕಡೆಯ ಎಸ್ಟೇಟಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು. ಭಾನುವಾರದ ಜೀಪಿನಲ್ಲಿ ಬಂದವಳು ನೇರವಾಗಿ ನನ್ನ ಮುಂದೆ ಬಂದು ಅರ್ಧ ಕೆಜಿ ಚಹಾ ಪುಡಿಯ ಪ್ಯಾಕೆಟ್ ಇಟ್ಟಳು.

"ಇದು ಹೋದ ವಾರದ್ದು. ಮನೆಗೆ ಹೋಗಿ ನೋಡಿದ್ರೆ ಬಿಲ್ಲಲ್ಲಿ ಇಲ್ಲ. ವಾರ ಪೂರ್ತಿ ಒಡೀದೆ ಇಟ್ಟಿದ್ದೆ, ಜೀಪು ಸಿಗ್ಲಿಲ್ಲ."

"ದೀಪ ಹತ್ಲಿಲ್ವಾ?" ಎಂದು ಕೇಳಿದೆ.

"ಕೊಡೆ ಇಟ್ಟಾಗ ಹತ್ತಿತ್ತು. ಅಕ್ಕ ಬಂದು ಕಾರ್ಡ್ ಹಾಕಿದ್ರು. ಆಮೇಲೆ ಹತ್ಲಿಲ್ಲ."

ಎಲ್ಲರ ಮುಂದೆ ಕೇಳಿದರೆ ಅವಳು ಹೆದರಬಹುದೆಂದು ಅಕ್ಕ ಅವಳಿಗೆ ಮೊದಲು ಚಹಾ ತರಿಸಿದರು. ಗಿರಾಕಿಗಳು ಕಡಿಮೆಯಾದ ಮೇಲೆ ಅವಳನ್ನು ಮಿಷನ್ ಮುಂದೆ ನಿಲ್ಲಿಸಿ, ಅವತ್ತು ಮಾಡಿದ ಹಾಗೇ ಇನ್ನೊಮ್ಮೆ ಮಾಡು ತಂಗಿ ಎಂದರು. ಅವಳು ಕೊಡೆಯನ್ನು ತಟ್ಟೆಯ ಮೇಲಿಟ್ಟಳು. ಕೆಂಪು ದೀಪ. ಅಕ್ಕ ಕಾರ್ಡ್ ಉಜ್ಜಿದರು. ಸಕ್ಕರೆ, ಬೇಳೆ ಬೀಪ್ ಮಾಡಿ ಇಟ್ಟಳು. ಅಷ್ಟರಲ್ಲಿ ಜೀಪಿನವನು ಹಾರ್ನ್ ಹೊಡೆದಿದ್ದನಂತೆ. ಗಡಿಬಿಡಿಯಲ್ಲಿ ಕೊಡೆ ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು, ಅದೇ ಕ್ಷಣ ಚಹಾ ಪುಡಿಯನ್ನು ಅದರ ಜಾಗಕ್ಕೆ ಇಟ್ಟಳು. ಬೀಪ್ ಮಾಡಲು ಮರೆತಿದ್ದಳು.

ನಾವು ಮೂವರೂ ದೀಪವನ್ನೇ ನೋಡಿದೆವು. ಅದು ಹತ್ತಲಿಲ್ಲ.

ಕೊಡೆಯೂ ಹೆಚ್ಚುಕಡಿಮೆ ಅರ್ಧ ಕೆಜಿ, ಚಹಾ ಪುಡಿಯೂ ಅರ್ಧ ಕೆಜಿ. ಅಕ್ಕ ಕಾರ್ಡ್ ಉಜ್ಜಿದಾಗ ಮಿಷನ್ ಕೊಡೆಯ ತೂಕವನ್ನೂ ಸರಿ ಎಂದು ಒಪ್ಪಿಕೊಂಡಿತ್ತು. ಆ ತೂಕ ತಟ್ಟೆಯ ಮೇಲೆ ಇರುವಷ್ಟು ಹೊತ್ತು ಅದಕ್ಕೆ ನೆಮ್ಮದಿ. ಅದು ಕೊಡೆಯೋ, ಚಹಾ ಪುಡಿಯೋ, ಕಲ್ಲೋ ಅದಕ್ಕೇನು? ಸಣ್ಣ ವ್ಯತ್ಯಾಸ ಬಂದರೂ ಸುಮ್ಮನಿರುವ ಹಾಗೆ ನಾವೇ ಮಾಡಿಸಿಟ್ಟಿದ್ದೆವು. ಮಳೆ ಇಲ್ಲದ ಊರಲ್ಲಿ ತಯಾರಾದ ಮಿಷನ್ನಿಗೆ ಕೊಡೆಯ ಕಲ್ಪನೆಯೇ ಇರಲಿಲ್ಲ.

ಅವಳ ಚಹಾ ಪುಡಿಗೆ ಬಿಲ್ ಮಾಡಿ ಕಳಿಸಿದ ಮೇಲೆ ನಾನು ಟೆಕ್ನಿಷಿಯನ್‌ಗೆ ಫೋನ್ ಮಾಡಿದೆ. ಸಾಮಾನ್ಯವಾಗಿ ಕಂಪನಿಯವರು ಮಿಷನ್ನಿನ ಪರ ವಾದ ಮಾಡುತ್ತಾರೆ. ಈತ ಮರುದಿನದ ಬಸ್ಸಿಗೇ ಹೊರಟು ಬಂದು, ತನ್ನ ಕೊಡೆಯನ್ನೇ ತಟ್ಟೆಯ ಮೇಲಿಟ್ಟು, ಅದೇ ಕೆಲಸವನ್ನು ಅರ್ಧ ಕೆಜಿ ಆಸುಪಾಸಿನ ತುಪ್ಪದಲ್ಲಿ, ಗೋಡಂಬಿಯಲ್ಲಿ, ಶಾಂಪೂವಿನಲ್ಲಿ ಮಾಡಿ ನೋಡಿದ. ಒಂದೊಂದಕ್ಕೂ ಮಿಷನ್ ಮೋಸ ಹೋಯಿತು. ಮೊದಮೊದಲು ನಕ್ಕ. ಆಮೇಲೆ ನಗು ನಿಂತಿತು.

"ಮೇಡಂ, ಇದು ನಮ್ಮ ಕಡೆಯ ತಪ್ಪು. ನಾನು ಹಾಗಂತಲೇ ಬರೆದು ಕಳಿಸ್ತೀನಿ," ಎಂದ. ತಟ್ಟೆ ಪೂರ್ತಿ ಖಾಲಿ ಇಲ್ಲದಿದ್ದರೆ ಬಿಲ್ ಶುರುವೇ ಆಗದ ಹಾಗೆ, ಯಾರ ಕಾರ್ಡಿಗೂ ಅದನ್ನು ಮೀರಲು ಆಗದ ಹಾಗೆ ಬದಲಾಯಿಸಲು ಹೆಡ್ ಆಫೀಸಿನಿಂದ ಸ್ವಲ್ಪ ದಿನ ಬೇಕು ಎಂದ. ಹಾಗೆ ಮಾಡಿದರೆ ಗಿರಾಕಿಯ ಕೊಡೆಗೆ ಬೇರೆ ಜಾಗ ನೀವು ಮಾಡಿಕೊಡಬೇಕು ಎಂದೂ ಹೇಳಿದ. ಆ ಹುಡುಗನ ಪ್ರಾಮಾಣಿಕತೆಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಜಾಗ ಎಲ್ಲಿ ಎಂಬುದಕ್ಕೆ ಉತ್ತರ ಬಕೆಟ್ಟಿನ ಜಗಳದಲ್ಲೇ ಇತ್ತು. ಕೊಡೆ ಅದರ ಒಡೆಯನ ಕಣ್ಣೆದುರೇ ಇರಬೇಕು, ಕೈಗೆ ಸಿಗುವಷ್ಟು ಹತ್ತಿರ ಇರಬೇಕು. ನರಸಿಂಹರಾಜಪುರದ ನಮ್ಮ ಅಂಗಡಿಯ ಹತ್ತಿರ ವೆಲ್ಡಿಂಗ್ ಮಾಡುವವರೊಬ್ಬರಿದ್ದಾರೆ. ಮಿಷನ್ನಿನ ಎಡ ಪಕ್ಕಕ್ಕೆ, ಗಿರಾಕಿಯ ಎದೆಯ ಎತ್ತರಕ್ಕೆ ಕೂರುವ ಹಾಗೆ ಕಬ್ಬಿಣದ ಕೊಕ್ಕೆ ಮಾಡಿಕೊಡಲು ಅವರಿಗೆ ಹೇಳಿ ಬಂದೆ.

ಕೊಕ್ಕೆ ಬರುವವರೆಗೆ ನಾನು ಅಂಗಡಿಯ ಕ್ಯಾಮೆರಾದ ಹಳೆಯ ವಿಡಿಯೋ ಮುಂದೆ ಕೂತೆ. ಕೊಡೆ ಎತ್ತಿದ ಜಾಗಕ್ಕೆ ಬೀಪ್ ಇಲ್ಲದ ಸಾಮಾನು ಬಂದದ್ದೆಲ್ಲಿ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ. ಬಸರೀಕಟ್ಟೆಯವಳಂತೆ ಗಡಿಬಿಡಿಯಲ್ಲಿ ಮರೆತವರು ಹಲವರಿದ್ದರು. ಅವರಿಗೆ ಇಂದಿಗೂ ಗೊತ್ತಿರಲಿಕ್ಕಿಲ್ಲ. ಗೊತ್ತಾದ ಮೇಲೆ ಸುಮ್ಮನಾದವರೂ ಕೆಲವರಿರಬಹುದು. ಆದರೆ ಒಬ್ಬರು ಮಾತ್ರ ಬೇರೆ. ಕೊಡೆಯನ್ನು ತಟ್ಟೆಯ ಅಂಚಿಗೇ ಇಡುತ್ತಿದ್ದರು, ಕಾರ್ಡ್ ಉಜ್ಜುವವರೆಗೆ ಶಾಂತವಾಗಿ ಕಾಯುತ್ತಿದ್ದರು, ಕೊನೆಗೆ ಎಡಗೈಯಲ್ಲಿ ಕೊಡೆ ಎತ್ತುತ್ತಾ ಬಲಗೈಯಲ್ಲಿ ಅರ್ಧ ಕೆಜಿ ತುಪ್ಪ ಇಡುತ್ತಿದ್ದರು. ಬಂದಾಗಲೆಲ್ಲ ಹಾಗೇ.

ಅವರು ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ಕೊಪ್ಪದಲ್ಲಿ ಯಾವ ಸಭೆಯಾದರೂ ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ ಇರುತ್ತದೆ. ತುಪ್ಪ ಕೊಳ್ಳಲು ಆಗದವರಲ್ಲ.

ಅಕ್ಕನನ್ನು ಕರೆದು ತೋರಿಸಿದೆ. ನೋಡಿ ಮುಗಿಯುವ ಮುಂಚೆಯೇ ಅವರು ಕುರ್ಚಿ ಎಳೆದುಕೊಂಡು ಕೂತರು.

ನನಗೆ ಒಳಗೊಳಗೇ ಖುಷಿಯಾಗಿತ್ತು. ಅಕ್ಕನ ಮೇಲಿನ ಅನುಮಾನ ತೊಳೆದು ಹೋಗಲು ಇದಕ್ಕಿಂತ ಒಳ್ಳೆಯ ದಾರಿ ಎಲ್ಲಿದೆ? ಫೋನಿನಲ್ಲಿ ಹೇಳಿದಾಗ ಮಾಲೀಕರೂ ಅದನ್ನೇ ಹೇಳಿದರು. ಇನ್ನೊಮ್ಮೆ ಬಂದಾಗ ಬಾಗಿಲಲ್ಲಿ ಹಿಡಿದು ನಿಲ್ಲಿಸಿ, ಪೊಲೀಸರಿಗೆ ಹೇಳೋಣ, ನಾಲ್ಕು ಜನ ನೋಡಿದರೆ ಇನ್ನೊಬ್ಬರು ಈ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದರು. ನಾನು ಹೂಂ ಎಂದೆ.

ಫೋನ್ ಇಟ್ಟ ಮೇಲೆ ಅಕ್ಕ, "ಬೇಡ ಮೇಡಂ," ಎಂದರು.

"ಎಂತ ಬೇಡ? ಇವರಿಂದಾಗಿ ನಿಮ್ಮನ್ನ ಕಳ್ಳಿ ಅಂದ್ಕೊಂಡ್ರು. ಗೊತ್ತುಂಟಲ್ಲ?"

"ಅದಕ್ಕೇ ಬೇಡ ಅಂದಿದ್ದು. ನನ್ನ ಮೇಲೆ ಬಂದ ಮಾತು ಮಹಡಿ ಮೇಲಿನ ಕೋಣೇಲೇ ಉಳೀತು. ನೀವಿಬ್ರು ಬಿಟ್ರೆ ಯಾರಿಗೂ ಗೊತ್ತಿಲ್ಲ. ಅಷ್ಟಕ್ಕೇ ನಂಗೆ ಗಂಟಲಲ್ಲಿ ಅನ್ನ ಇಳೀತಾ ಇಲ್ಲ. ಇವರದ್ದು ಬಾಗಿಲಲ್ಲಿ ಆದ್ರೆ ಹೆಂಗೆ ಬದುಕ್ತಾರೆ?"

"ಹಂಗಾದ್ರೆ ಬಿಟ್ಟುಬಿಡೋದಾ?"

"ಬಿಡೋದಲ್ಲ. ಕದಿಯಕ್ಕೆ ಬಿಡಬಾರದು, ಅಷ್ಟೇ. ಯಾಕೆ ಕದ್ರಿ ಅಂತ ಕೇಳಿದ್ರೆ ನಮಗೊಂದು ಉತ್ತರ ಸಿಗ್ಬಹುದು. ಅವರಿಗೆ ಮುಖ ಉಳಿಯಲ್ಲ. ನಂಗೊಂದು ಸಲ ಬಿಡಿ ಮೇಡಂ. ಆಗ್ಲಿಲ್ಲ ಅಂದ್ರೆ ನೀವು ಹೇಳಿದ ಹಾಗೇ ಮಾಡಿ."

ನನಗೆ ಅವರ ಮೇಲೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. ಒಬ್ಬರನ್ನು ತೋರಿಸಿಕೊಟ್ಟರೆ ತಾನು ಪಾರಾಗುವ ಹೊತ್ತಿನಲ್ಲಿ ಈ ಹೆಂಗಸು ಆ ಒಬ್ಬರ ಬಗ್ಗೆ ಯೋಚಿಸುತ್ತಿದ್ದರು. ಅವತ್ತೇ ಮಾಲೀಕರಿಗೆ ಪುನಃ ಫೋನ್ ಮಾಡಿ, ಬಾಗಿಲಲ್ಲಿ ಹಿಡಿಯುವುದು ಬೇಡ, ಅಕ್ಕನ ರೀತಿಯಲ್ಲಿ ಮಾಡೋಣ ಎಂದೆ. ಅವರು, "ಎಣಿಸುವಾಗ ಸರಿ ಬರ್ಬೇಕು. ಬರದಿದ್ರೆ ಆ ಮಾತು ಹಾಗೇ ಇದೆ. ಜವಾಬ್ದಾರಿ ನಿಂದು," ಎಂದರು. ಆಯಿತು ಎಂದೆ. ಅಕ್ಕನ ಕುತ್ತಿಗೆಯ ಜೊತೆ ನನ್ನದನ್ನೂ ಕೊಟ್ಟ ಹಾಗಾಯಿತು.

ಕೊಕ್ಕೆ ಬಂದ ದಿನವೇ ಅದಕ್ಕೊಂದು ತೊಂದರೆ ಕಾಣಿಸಿತು. ನೇತು ಹಾಕಿದ ಕೊಡೆಯಿಂದ ನೀರೆಲ್ಲ ಗಿರಾಕಿಯ ಕಾಲಿನ ಮೇಲೆ ಸುರಿಯಿತು. ಒಬ್ಬರು ಜಾರಿ ಬೀಳುವುದರಲ್ಲಿದ್ದರು. ನೀರು ಹಿಡಿಯಲು ತಗಡಿನ ದೋಣಿಯೊಂದನ್ನು ಕೂರಿಸಬೇಕಾಯಿತು, ಗೋಡೆಯ ಕಡೆ ಇಳಿಜಾರು ಮಾಡಿ. ಅದೆಲ್ಲ ಒಂದು ಮಿಷನ್ನಿಗೆ ಮುಗಿದಿತ್ತು, ಇನ್ನೊಂದಕ್ಕೆ ಕೆಲಸ ನಡೆದಿತ್ತು. ಆಗ ಕ್ಯಾಮೆರಾದಲ್ಲಿ ಕಂಡ ಅವರು ಬಂದರು.

ಕೊಕ್ಕೆ ಇಲ್ಲದ ಮಿಷನ್ ಕಡೆಗೇ ಹೋದರು. ನಾನು ಬಿಸ್ಕೆಟ್ಟಿನ ಕಪಾಟಿನ ಹಿಂದೆ ನಿಂತು ಸರಿಯಾಗಿದ್ದ ಪೊಟ್ಟಣಗಳನ್ನೇ ಮತ್ತೆ ಸರಿಮಾಡುತ್ತಿದ್ದೆ. ಕೊಡೆ ತಟ್ಟೆಯ ಅಂಚಿಗೆ ಬಂತು, ದೀಪ ಹತ್ತಿತು. ಅಕ್ಕ ಹೋದರು. ಕಾರ್ಡ್ ಉಜ್ಜಲಿಲ್ಲ. ಎರಡೂ ಕೈಯಲ್ಲಿ ಕೊಡೆಯನ್ನು ಎತ್ತಿಕೊಂಡರು.

"ಇದು ನಾನು ಹಿಡ್ಕೊಳ್ತೀನಿ ಸರ್. ನೀವು ನಿಧಾನಕ್ಕೆ ಮಾಡಿ."

ಅವರು ಸಕ್ಕರೆ ಬೀಪ್ ಮಾಡಿದರು, ಬೇಳೆ ಬೀಪ್ ಮಾಡಿದರು. ಬುಟ್ಟಿಯಲ್ಲಿ ತುಪ್ಪ ಉಳಿಯಿತು. ಅಕ್ಕ ಪಕ್ಕದಲ್ಲೇ ಇದ್ದರು, ಬೇರೆ ಯಾರಿಗೂ ಕೇಳದಷ್ಟು ಮೆತ್ತಗೆ ಮಾತಾಡುತ್ತಿದ್ದರು.

"ಈ ಮಿಷನ್ನಿಗೆ ಕೊಡೆ ಯಾವುದು, ತುಪ್ಪ ಯಾವುದು ಅಂತ ಗೊತ್ತಾಗಲ್ಲ ಸರ್. ಮೊನ್ನೆಯಷ್ಟೇ ನಮಗೆ ತಿಳೀತು. ಎಷ್ಟೋ ಜನಕ್ಕೆ ಬಿಲ್ ತಪ್ಪಿ ಹೋಗಿದೆ, ಅವರಿಗೇ ಗೊತ್ತಿಲ್ಲ. ನಿಮಗೂ ಹಿಂದೆ ಹಂಗೆ ಆಗಿರ್ಬಹುದು. ಮಿಷನ್‌ದೇ ತಪ್ಪು."

ಅವರು ಅಕ್ಕನ ಮುಖವನ್ನೇ ನೋಡಿದರು. ಅಕ್ಕ ಕೊಡೆಯ ಮೇಲಿನ ನೀರನ್ನು ಸೆರಗಿನಿಂದ ಒರೆಸುತ್ತಿದ್ದರು.

"ಆಗಿರ್ಬಹುದು," ಎಂದರು ಅವರು. ಬುಟ್ಟಿಯಲ್ಲಿದ್ದ ತುಪ್ಪವನ್ನು ಎತ್ತಿ ಅಕ್ಕನ ಕಡೆ ಚಾಚಿ, "ಹಂಗಾದ್ರೆ ಹಿಂದಿನದ್ದೂ ಸೇರಿಸಿಬಿಡಮ್ಮ."

ಅಕ್ಕ ಆ ಒಂದೇ ತುಪ್ಪದ ಪ್ಯಾಕೆಟ್ಟನ್ನು ಗಾಜಿಗೆ ಹಿಡಿದರು, ತೆಗೆದರು, ಪುನಃ ಹಿಡಿದರು. ಎಷ್ಟು ಸಲ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಸಾಕು ಎಂದು ಅವರು ಕೈ ತೋರಿಸುವವರೆಗೆ ಅಂಗಡಿಯಲ್ಲಿ ಬೀಪ್ ಕೇಳುತ್ತಿತ್ತು. ಪ್ರತಿ ಸಲ ಬೀಪ್ ಆದಾಗಲೂ ತಟ್ಟೆಗೆ ಸಾಮಾನು ಬರಲಿಲ್ಲವೆಂದು ಮಿಷನ್ ತಕರಾರು ಮಾಡಿತು, ಪ್ರತಿ ಸಲವೂ ಅಕ್ಕ ಕಾರ್ಡ್ ಉಜ್ಜಿದರು. ಹಣ ಕೊಟ್ಟು ಅವರು ತಲೆ ಬಗ್ಗಿಸಿಕೊಂಡು ಹೊರಟುಬಿಟ್ಟರು. ಹೊರಗೆ ಜೋರು ಮಳೆ. ಕೊಡೆ ಅಕ್ಕನ ಕೈಯಲ್ಲೇ ಉಳಿದಿತ್ತು.

"ಕೂಗಿ ಕರೀಲಾ?" ಎಂದೆ.

"ಬೇಡ ಮೇಡಂ. ಈಗ ಒಂದ್ಸಲ ಹೋಗ್ಲಿ ಬಿಡಿ," ಎಂದು ಅಕ್ಕ ಆ ಕೊಡೆಯನ್ನು ಪಕ್ಕದ ಮಿಷನ್ನಿನ ಹೊಸ ಕೊಕ್ಕೆಗೆ ನೇತು ಹಾಕಿದರು.

ಹೆಡ್ ಆಫೀಸಿನಿಂದ ಬದಲಾವಣೆ ಬಂತು. ತಟ್ಟೆ ಖಾಲಿ ಇಲ್ಲದೆ ಬಿಲ್ ಶುರುವಾಗುವುದು ನಿಂತಿತು. ಕಣ್ಣೆದುರಿಗೆ ಕೊಕ್ಕೆ ಇದ್ದದ್ದರಿಂದ ಯಾರೂ ಗೊಣಗಲಿಲ್ಲ. ಕೆಂಪು ದೀಪ ಅಪರೂಪವಾಯಿತು. ಅಪರೂಪವಾದದ್ದರಿಂದ, ಹತ್ತಿದಾಗ ನಿಂತು ನೋಡಲು ಅಕ್ಕನಿಗೆ ಪುರುಸೊತ್ತೂ ಸಿಕ್ಕಿತು. ಬೀಪ್ ತಪ್ಪಿದ ಸಾಮಾನು ಕಂಡರೆ "ಇದೊಂದು ಮಿಷನ್ನಿಗೆ ಕೇಳ್ಲಿಲ್ಲ ಅನ್ಸುತ್ತೆ" ಎಂದು ತಾವೇ ಗಾಜಿಗೆ ಹಿಡಿಯುತ್ತಿದ್ದರು. ಬೇಕೆಂದೇ ಬಿಟ್ಟವರಿಗೂ ಮರೆತು ಬಿಟ್ಟವರಿಗೂ ಒಂದೇ ಮಾತು, ಒಂದೇ ದನಿ. ಹಾಗೆ ಹೇಳಿಸಿಕೊಂಡವರು ಎರಡನೇ ಸಲ ತಪ್ಪಿದ್ದು ನನಗೆ ನೆನಪಿಲ್ಲ. ಮೊದಮೊದಲು ನಾನು ಬರೀ ಮೆದು ಸ್ವಭಾವ ಎಂದುಕೊಂಡಿದ್ದದ್ದು ಎಷ್ಟು ಗಟ್ಟಿ ಕೆಲಸವೆಂದು ಆಗ ನನಗೆ ಅರ್ಥವಾಯಿತು.

ಎಣಿಸುವ ದಿನ ಅಕ್ಕ ಬೆಳಗಿನ ಬಸ್ಸಿಗಿಂತ ಮುಂಚಿನ ಬಸ್ಸಿಗೇ ಬಂದಿದ್ದರು. ನನಗೂ ತಿಂಡಿ ಸೇರಿರಲಿಲ್ಲ. ತುಪ್ಪದ ಕಪಾಟನ್ನು ಮಾಲೀಕರೇ ನಿಂತು ಎಣಿಸಿದರು. ಸರಿ ಬಂತು. ಗೋಡಂಬಿ ಸರಿ ಬಂತು. ಚಹಾ ಪುಡಿ ಸರಿ ಬಂತು. ಮಾಲೀಕರು ತಪ್ಪಾಯಿತು ಎನ್ನುವ ಪೈಕಿಯವರಲ್ಲ. ಕನ್ನಡಕ ತೆಗೆದು ಒರೆಸಿ, ಪುನಃ ಹಾಕಿಕೊಂಡು, ಅಕ್ಕನ ಮುಂದೆ ನಿಂತರು.

"ಶೃಂಗೇರಿಗೂ ಮಿಷನ್ ಹಾಕ್ತೀನಿ. ಅಲ್ಲಿಯವರಿಗೆ ನೀವೇ ಹೇಳಿಕೊಡ್ಬೇಕು."

"ಮೊದ್ಲು ಕೊಕ್ಕೆ ಹಾಕ್ಸಿ ಸರ್, ಮಿಷನ್ ಆಮೇಲೆ," ಎಂದರು ಅಕ್ಕ.

ಮಾಲೀಕರು ನಕ್ಕರು. ಅಕ್ಕ ಅಲ್ಲಿಂದ ಗೋದಾಮಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು.

ತುಪ್ಪದವರು ಬಿಟ್ಟು ಹೋದ ಆ ಕೊಡೆ ಮಾತ್ರ ಕೊಕ್ಕೆಯಲ್ಲೇ ಇತ್ತು. ಬೇರೆಯವರ ಕೊಡೆಗಳು ಬಂದು ಹೋದವು. ಅದರ ಪಕ್ಕದಲ್ಲೇ ನೇತಾಡಿ ಒಣಗಿದವು. ಅದನ್ನು ಯಾರೂ ತಪ್ಪಿ ಕೂಡ ಒಯ್ಯಲಿಲ್ಲ. ಯಾರಾದರೂ ಕೈ ಹಾಕಿದರೆ "ಅದಕ್ಕೆ ಯಜಮಾನರು ಬರ್ತಾರೆ" ಎಂದು ಅಕ್ಕ ದೂರದಿಂದಲೇ ಹೇಳುತ್ತಿದ್ದರು. ಮಳೆ ಮುಗಿಯಿತು. ದೀಪಾವಳಿ ಕಳೆಯಿತು. ಅವರು ಬರಲಿಲ್ಲ. ಬೇರೆ ಅಂಗಡಿಗೆ ಹೋಗುತ್ತಾರೆಂದು ಯಾರೋ ಹೇಳಿದರು. ಅಕ್ಕ ವಾರಕ್ಕೊಮ್ಮೆ ಕೊಡೆಯ ಧೂಳು ಒರೆಸುತ್ತಿದ್ದರು.

ಒಂದು ದಿನ, ಬಿಸಿಲು ಚೆನ್ನಾಗಿ ಬಿದ್ದಿದ್ದ ಹೊತ್ತಿನಲ್ಲಿ, ಅವರು ಬಂದರು. ನಾವೇ ಬಿಲ್ ಮಾಡುವ ಕೌಂಟರಿನಲ್ಲಿ ಜನ ಇರಲಿಲ್ಲ. ಅಲ್ಲಿಗೆ ಹೋಗಬಹುದಿತ್ತು. ಆದರೂ ಮಿಷನ್ ಹತ್ತಿರವೇ ಬಂದರು. ಒಂದೊಂದೇ ಸಾಮಾನನ್ನು ಎತ್ತಿ, ಗಾಜಿಗೆ ಹಿಡಿದು, ಬೀಪ್ ಕೇಳಿದ ಮೇಲೆ ತಟ್ಟೆಗೆ ಇಟ್ಟರು. ಕೊನೆಯದನ್ನು ಇಟ್ಟಾಗ ಕೆಂಪು ದೀಪ ಹತ್ತಿತು.

ಅವರ ಕೈ ಅಲ್ಲೇ ನಿಂತಿತು. ಪಕ್ಕದ ಮಿಷನ್ನಿನವರು ತಿರುಗಿ ನೋಡಿದರು. ಮುಖ ಕಪ್ಪಿಟ್ಟುಹೋಗಿ ಅವರು ತಮ್ಮ ಕೈಚೀಲದಲ್ಲಿದ್ದದ್ದನ್ನೆಲ್ಲ ಹೊರಗೆ ತೆಗೆದು ತೋರಿಸಲು ಹೊರಟರು. ನಾನೂ ಎರಡು ಹೆಜ್ಜೆ ಮುಂದೆ ಬಂದಿದ್ದೆ. ಅಷ್ಟರಲ್ಲಿ ಅಕ್ಕ ಬಂದು ಚೀಲದ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರು.

"ತೆಗೀಬೇಡಿ ಸರ್. ಮಿಷನ್‌ದೇ ತಪ್ಪು," ಎಂದು ಚೀಲದೊಳಗೆ ಕಣ್ಣೂ ಹಾಯಿಸದೆ ಕಾರ್ಡ್ ಉಜ್ಜಿದರು. ಕೊಕ್ಕೆಯಿಂದ ಕೊಡೆ ತೆಗೆದು ಅವರ ಕೈಗೆ ಕೊಟ್ಟರು. "ಇದು ಇಲ್ಲೇ ಇತ್ತು ನೋಡಿ."

ಅವರು ಕೊಡೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋದರು.

ನನ್ನ ಸ್ವಭಾವ ಸುಮ್ಮನಿರಲು ಬಿಡಲಿಲ್ಲ. "ಒಂದ್ಸಲ ಚೀಲ ನೋಡ್ಬಹುದಿತ್ತು ಅಕ್ಕ," ಎಂದೆ. ನಾನು ಆ ಮಿಷನ್ನನ್ನು ನಿಲ್ಲಿಸಿ, ಟೆಕ್ನಿಷಿಯನ್ ತೋರಿಸಿಕೊಟ್ಟ ಹಾಗೆ ತಟ್ಟೆಯನ್ನು ಎತ್ತಿದೆ. ತಕ್ಕಡಿಯ ಸಂದಿಯಲ್ಲಿ ಕೊಡೆಯ ತುದಿಯಿಂದ ಮುರಿದ ಒಂದು ಕಬ್ಬಿಣದ ಚೂರು ಸಿಕ್ಕಿಕೊಂಡಿತ್ತು. ಮಳೆಗಾಲದಲ್ಲಿ ಯಾರದ್ದೋ ಬಿದ್ದು ಒಳಗೆ ಉರುಳಿದ್ದು, ಬೆಳಿಗ್ಗೆ ಒರೆಸುವಾಗ ಅಲುಗಾಡಿ ಅಲ್ಲಿ ಬಂದು ಕೂತಿರಬೇಕು. ಭಾರ ಹೆಚ್ಚಾದಾಗ ತಟ್ಟೆ ಸರಿಯಾಗಿ ಕೆಳಗಿಳಿಯದ ಹಾಗೆ ಅದು ತಡೆಹಿಡಿದಿತ್ತು.

ಅದನ್ನು ತೆಗೆದು ಅಕ್ಕನ ಅಂಗೈಯಲ್ಲಿ ಇಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಾನು ಹೇಳ್ಲಿಲ್ವಾ ಮೇಡಂ," ಎಂದು, ಬುಟ್ಟಿ ಹಿಡಿದು ಕಾಯುತ್ತಿದ್ದ ಮುಂದಿನವರ ಕಡೆ ತಿರುಗಿದರು.